ಆ ಅಶ್ವಥ್ ಬೇರೆ, ಈ ಅಶ್ವಥ್ ಬೇರೆ ಮಾರಾಯ್ರೇ!

ಈಗಷ್ಟೇ ಒಂದು ರೀಲ್ ನೋಡಿ ತಲೆ ಕೆಟ್ಟಿದೆ. ಹಿಂದೆ ‘ಕೋಡಗನ ಕೋಳಿ ನುಂಗಿತ್ತಾ’ ಹಾಡು. ಹಾಡಿದವರು ಸಿ. ಅಶ್ವಥ್, ಆ ಗಂಟಲು ಇನ್ಯಾರಿಗಿದೆ? ಆದರೆ ಹಾಕಿರುವ ಫೋಟೋ ಯಾರದು ಗೊತ್ತಾ? ‘ನಾಗರಹಾವು’ ಸಿನಿಮಾದ ಚಾಮಯ್ಯ ಮೇಷ್ಟ್ರದ್ದು, ಅಂದರೆ ನಟ ಕೆ.ಎಸ್. ಅಶ್ವಥ್ ಅವರದ್ದು! ಕೆಳಗೆ ‘ಗಾನ ಗಾರುಡಿಗನಿಗೆ ನಮನ’ ಅಂತ ದಪ್ಪಕ್ಷರ. ಜನ ಸಾಲಾಗಿ ಕೈ ಮುಗಿದಿದ್ದಾರೆ. ಮೇಷ್ಟ್ರು ಯಾವಾಗಪ್ಪಾ ತತ್ವಪದ ಹಾಡಿದ್ದು?

ಕ್ಯಾಸೆಟ್ ಕವರಿನ ಸಣ್ಣಕ್ಷರವನ್ನೂ ಬಿಡದೆ ಓದುವ ನನ್ನ ಚಟ ನಿಮಗೆ ಗೊತ್ತೇ ಇದೆ. ಹಾಗಾಗಿ ಸುಮ್ನೆ ಇರೋಕೆ ಆಗಲಿಲ್ಲ.

ಕೆ.ಎಸ್. ಅಶ್ವಥ್ ಮೈಸೂರಿನವರು, ನಟರು. ತೆರೆಯ ಮೇಲೆ ಎಷ್ಟು ನಾಯಕರಿಗೆ ಅಪ್ಪನಾದರೋ! ಸಿ. ಅಶ್ವಥ್ ಸುಗಮ ಸಂಗೀತದವರು. ಶಿಶುನಾಳ ಶರೀಫರನ್ನು ಮನೆಮನೆಗೆ ಕರೆತಂದವರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಅಂತ ಜಾತ್ರೆ ಸೇರಿಸಿದವರು. ಹೆಸರಿನ ಮುಂದಿರುವ ಒಂದೆರಡು ಅಕ್ಷರ ಟೈಪ್ ಮಾಡಿದರೆ ಬೆರಳು ಸವೆದುಹೋಗುತ್ತಾ?

‘ಬಿಡಿ ಸಾರ್, ಈಗಿನ ಹುಡುಗರಿಗೆ ಇಬ್ಬರೂ ಗೊತ್ತಿಲ್ಲ, ಹೆಸರು ಬೇರೆ ಒಂದೇ’ ಅಂತೀರಿ. ಹೆಸರು ಒಂದೇ, ಒಪ್ಪಿದೆ. ಮೈಸೂರ ಮಲ್ಲಿಗೆಯ ಹಾಡುಗಳ ಜೊತೆ ಕೆ.ಎಸ್. ನರಸಿಂಹಸ್ವಾಮಿ, ಅಶ್ವಥ್ ಅಂತ ಎರಡು ಹೆಸರು ಒಟ್ಟಿಗೆ ಕಂಡು ಯಾರಾದರೂ ಆ ‘ಕೆ.ಎಸ್.’ ಅನ್ನು ಅಶ್ವಥ್‌ಗೆ ಗಂಟು ಹಾಕಿರಲೂಬಹುದು. ಆದರೆ ಗೊತ್ತಿಲ್ಲದವರಿಗೆ ನಮನ ಸಲ್ಲಿಸುವ ಅವಸರ ಏನಿತ್ತು? ಗೊತ್ತಿಲ್ಲದಿದ್ದರೆ ಹಾಡು ಕೇಳಿ ಮಲಗಿ.

ಇನ್ನೊಂದು ಹೇಳಿಬಿಡ್ತೀನಿ. ಸಿ. ಅಶ್ವಥ್ ಹಾಡುಗಾರಿಕೆ ನನಗೆ ಅಷ್ಟೇನೂ ಇಷ್ಟವಿಲ್ಲ. ಮೆಲ್ಲಗೆ ಹೇಳಬೇಕಾದ ಭಾವಗೀತೆಯನ್ನೂ ಮೈದಾನಕ್ಕೆ ಕೇಳುವ ಹಾಗೆ ಹಾಡುತ್ತಾರೆ ಅನ್ನೋದು ನನ್ನ ಹಳೇ ತಕರಾರು. (ಅಭಿಮಾನಿಗಳು ಕಲ್ಲು ಹೊಡೆಯಬೇಡಿ, ಶರೀಫರ ಪದಗಳಿಗೆ ಆ ದನಿಯೇ ಬೇಕು.) ಆದರೂ ಈ ರೀಲ್ ನೋಡಿ ಹೊಟ್ಟೆ ಉರಿಯಿತು. ಯಾಕೆ ಗೊತ್ತಾ? ಅವರು ತೀರಿಕೊಂಡದ್ದು 2009ರ ಡಿಸೆಂಬರ್ 29ಕ್ಕೆ. ಅವತ್ತು ಅವರ ಹುಟ್ಟುಹಬ್ಬ ಕೂಡ. ಮರುದಿನ ಬೆಳಗ್ಗೆ ವಿಷ್ಣುವರ್ಧನ್ ಹೋದರು. ಇಡೀ ನಾಡು ಆ ಕಡೆ ತಿರುಗಿತು, ತಪ್ಪೇನಲ್ಲ. ಇಪ್ಪತ್ತು ದಿನ ತುಂಬುವ ಮೊದಲೇ, 2010ರ ಜನವರಿ 18ಕ್ಕೆ, ನಾಗರಹಾವಿನಲ್ಲಿ ಶಿಷ್ಯ ರಾಮಾಚಾರಿಯಾಗಿದ್ದ ವಿಷ್ಣುವರ್ಧನ್ ಹಿಂದೆಯೇ ಮೇಷ್ಟ್ರೂ ಹೊರಟರು. ಇಂಥಾ ಮೇಷ್ಟ್ರು, ಇಂಥಾ ಶಿಷ್ಯ ಅಂತ ಜನ ಅತ್ತರು, ನಾನೂ ಅತ್ತೆ. ಇದರ ನಡುವೆ ಸಿ. ಅಶ್ವಥ್‌ಗಾಗಿ ಅಳೋಕೆ ನಮಗೆ ಸಿಕ್ಕಿದ್ದು ಒಂದೇ ದಿನ. ಈಗ ಅವರ ಹಾಡಿಗೆ ಅವರ ಮುಖವನ್ನೂ ಉಳಿಸೋದಿಲ್ಲ ಅಂದರೆ ಹೇಗೆ?

ಗಿರೀಶ್ ಕಾಸರವಳ್ಳಿ, ಗಿರೀಶ್ ಕಾರ್ನಾಡ್ ಕಥೆಯೂ ಇದೇ. ‘ಘಟಶ್ರಾದ್ಧ’ ಕಾರ್ನಾಡರ ಸಿನಿಮಾ ಅಂತ ವಾದಕ್ಕೆ ನಿಂತವರನ್ನು ನೋಡಿದ್ದೇನೆ. ‘ಕಾರಂತರ ಚೋಮನ ದುಡಿ’ ಅಂದವರು ಮಾತ್ರ ಪಾರು. ಕಾದಂಬರಿ ಶಿವರಾಮ ಕಾರಂತರದು, 1975ರ ಸಿನಿಮಾ ಬಿ.ವಿ. ಕಾರಂತರದು. ಯಾರ ಫೋಟೋ ಹಾಕಿದರೂ ಅರ್ಧ ಮಾರ್ಕ್ಸ್ ಗ್ಯಾರಂಟಿ!

ರೀಲ್ ಕೆಳಗೆ ಕಮೆಂಟ್ ಹಾಕಿ ಬಂದಿದ್ದೇನೆ. ಪೇಜಿನವರು ಅದಕ್ಕೊಂದು ಹಾರ್ಟ್ ಒತ್ತಿದ್ದಾರೆ. ಫೋಟೋ ಮಾತ್ರ ಇನ್ನೂ ಮೇಷ್ಟ್ರದ್ದೇ.