ಹಗ್ಗ ಇದೆಯಲ್ಲ, ಇನ್ನೇನು ಭಯ!

ಹೊಸ ಹಗ್ಗಕ್ಕೆ ಇರುವುದು ಒಂದೇ ದೋಷ. ಸುರುಳಿ ಬಿಚ್ಚಿದರೆ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ. ಹಾಗಾಗಿ ಈಗಿನ ಬೆಟ್ಟವೀರರು ಅದನ್ನು ಬಿಚ್ಚುವ ತಪ್ಪು ಮಾಡುವುದಿಲ್ಲ. 30 ಮೀಟರ್ ಹಗ್ಗ ಬೆಟ್ಟದ ಬುಡದಲ್ಲಿ ಹೆಗಲೇರುತ್ತದೆ, ತುದಿ ಮುಟ್ಟುತ್ತದೆ, ನಾಲ್ಕು ಕಡೆಯಿಂದ ಫೋಟೋ ತೆಗೆಸಿಕೊಳ್ಳುತ್ತದೆ, ಅಂಗಡಿಯಲ್ಲಿ ಸುತ್ತಿಕೊಟ್ಟ ಸುರುಳಿ ಒಂದಿಷ್ಟೂ ಕೆಡದಂತೆ ವಾಪಸ್ ಮನೆಗೆ ಬರುತ್ತದೆ. ನಿಜ ಹೇಳಬೇಕೆಂದರೆ ಬೆಟ್ಟ ಹತ್ತಿದ್ದು ಹಗ್ಗ. ಹೊತ್ತವರದು ಬರೀ ಕೂಲಿ ಕೆಲಸ, ಅದೂ ಬಿಟ್ಟಿ.

ಸ್ಕ್ರ್ಯಾಂಬ್ಲಿಂಗ್ ಅನ್ನುವುದೇ ಇಂಥ ವೀರರಿಗೆ ಹೇಳಿ ಮಾಡಿಸಿದ ಆಟ. ನಡಿಗೆಗಿಂತ ಜಾಸ್ತಿ, ಕ್ಲೈಂಬಿಂಗ್‌ಗಿಂತ ಕಮ್ಮಿ. ಕೈ ಊರದೆ ಮುಂದೆ ಹೋಗಲಾಗದ ಬಂಡೆಗಳು. ಬ್ರಿಟನ್ನಿನವರು ಇದಕ್ಕೆ 1, 2, 3 ಅಂತ ದರ್ಜೆ ಕೊಟ್ಟಿದ್ದಾರೆ. ಒಂದರಲ್ಲಿ ಸಾಮಾನ್ಯವಾಗಿ ಹಗ್ಗ ಬೇಕಾಗುವುದಿಲ್ಲ. ಮೂರರಲ್ಲಿ ಎಷ್ಟೋ ಸಲ ಬೇಕಾಗುತ್ತದೆ. ನಡುವಿನದರಲ್ಲಿ ಬಂಡೆ ನೋಡಿ, ಜೊತೆಗಾರರ ಮುಖ ನೋಡಿ, ಮಳೆ ಬರುವ ಹಾಗಿದೆಯಾ ಅಂತ ಆಕಾಶ ನೋಡಿ ತೀರ್ಮಾನಿಸಬೇಕು. ಇಷ್ಟೆಲ್ಲ ನೋಡುತ್ತಾ ಕೂರಲು ಪುರುಸೊತ್ತು ಯಾರಿಗಿದೆ? ಸುಮ್ನೆ ಒಂದು ಹಗ್ಗ ಕೊಂಡರೆ ಆಯಿತು.

ಹೆಲ್ಮೆಟ್ಟಿನದು ಇನ್ನೊಂದು ಕಥೆ. ಅದು ಬ್ಯಾಗಿನ ಹಿಂದೆ ಗಂಟೆಯ ಹಾಗೆ ನೇತಾಡುತ್ತಿರುತ್ತದೆ. ಕಡಿದಾದ ಕೊರಕಲು, ಮೇಲಿನ ತಂಡದವರು ಕಾಲಿಟ್ಟಲ್ಲೆಲ್ಲ ಕಲ್ಲು ಉರುಳುತ್ತಿದೆ. ಕೆಳಗಿರುವ ಮಹಾಶಯ ಬರಿತಲೆ ಮೇಲೆತ್ತಿ "ಏಯ್, ನೋಡ್ಕೊಂಡು ಹತ್ರೋ!" ಅಂತ ಕೂಗುತ್ತಾನೆ. ತಲೆಯೇ ಇಲ್ಲದ ಬ್ಯಾಗಿಗೆ ಹೆಲ್ಮೆಟ್ ಇದೆ. ಕೇಳಿದರೆ, ಹಾಕಿಕೊಂಡರೆ ಸೆಕೆಯಂತೆ, ಕೂದಲು ಕೆಡುತ್ತದಂತೆ. ಪಾಪ, ಕೂದಲಿನ ಮೇಲೆ ಇರುವಷ್ಟು ಕಾಳಜಿ ಅದರ ಕೆಳಗಿರುವುದರ ಮೇಲೆ ಇಲ್ಲ. ಬಹುಶಃ ಕಾರಣವೂ ಇರಬಹುದು.

ಇನ್ನು ಹಗ್ಗವನ್ನು ನಿಜವಾಗಿ ಬಿಚ್ಚುವವರೂ ಇದ್ದಾರೆ. ಇವರನ್ನು ಕಂಡರೆ ಮಾತ್ರ ನನಗೆ ನಿಜಕ್ಕೂ ಭಯ. ಕತ್ತಿಯಲುಗಿನಂಥ ಬಂಡೆಯ ಏಣು, ಎರಡೂ ಕಡೆ ಪ್ರಪಾತ. ಅದರ ಮೇಲೆ ನಾಲ್ವರು ಒಂದೇ ಹಗ್ಗಕ್ಕೆ ಸೊಂಟ ಕಟ್ಟಿಕೊಂಡು ಸಾಲಾಗಿ ಹೋಗುತ್ತಾರೆ. ನೋಡಿದರೆ ಕಣ್ಣು ತುಂಬಿ ಬರಬೇಕು, ಅಂಥ ಒಗ್ಗಟ್ಟು. "ಅಣ್ಣಾ, ಹಗ್ಗ ಎಲ್ಲಿಗೆ ಕಟ್ಟಿದ್ದೀರಿ?" ಅಂತ ಕೇಳಿ ನೋಡಿ. "ಇದೇನ್ರೀ, ನಾವೆಲ್ಲ ಕಟ್ಕೊಂಡಿದ್ದೀವಲ್ಲ!" ಅನ್ನುತ್ತಾರೆ. ಹೌದು, ನಾಲ್ವರೂ ಕಟ್ಟಿಕೊಂಡಿದ್ದಾರೆ. ಬಂಡೆಯೊಂದೇ ಕಟ್ಟಿಸಿಕೊಂಡಿಲ್ಲ. ಗೊತ್ತಿದ್ದವರು ಹೀಗೆ ಒಟ್ಟಿಗೆ ಸಾಗುವಾಗ ಬಂಡೆಯ ಮೊನೆಗಳ ಆಚೆ ಈಚೆ ಹಗ್ಗ ಹಾಯಿಸಿಕೊಂಡು ಹೋಗುತ್ತಾರೆ, ಗಟ್ಟಿ ಮೊನೆ ಸಿಕ್ಕಿದಲ್ಲಿ ಸ್ಲಿಂಗ್ ಅನ್ನುವ ಪಟ್ಟಿಯ ಕುಣಿಕೆ ಸುತ್ತಿ, ಕ್ಯಾರಬೈನರ್ ಅನ್ನುವ ಲೋಹದ ಕೊಂಡಿ ಹಾಕಿ ಹಗ್ಗ ಸಿಕ್ಕಿಸುತ್ತಾರೆ. ಒಬ್ಬ ಜಾರಿದರೆ ತಡೆಯಲು ಕಲ್ಲು ಇರುತ್ತದೆ. ನಮ್ಮ ನಾಲ್ವರಿಗೆ ಆ ಗೊಡವೆ ಇಲ್ಲ. ಒಬ್ಬ ಜಾರಿದರೆ ಉಳಿದ ಮೂವರು ಅವನನ್ನು ಒಂಟಿಯಾಗಿ ಹೋಗಲು ಬಿಡುವುದಿಲ್ಲ, ಅಷ್ಟೇ.

ಈ ಒಗ್ಗಟ್ಟಿಗೆ ಹಳೆಯ ಚರಿತ್ರೆ ಇದೆ. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್‌ನ ತಂಡ ಮೊದಲ ಬಾರಿಗೆ ಆಲ್ಪ್ಸ್ ಪರ್ವತಸಾಲಿನ ಮ್ಯಾಟರ್‌ಹಾರ್ನ್ ಹತ್ತಿತು. ಇಳಿಯುವಾಗ ಏಳೂ ಜನ ಒಂದೇ ಸಾಲಿಗೆ ಕಟ್ಟಿಕೊಂಡಿದ್ದರು. ಅನುಭವ ಕಮ್ಮಿಯಿದ್ದ ಒಬ್ಬ ಜಾರಿ ಮುಂದಿದ್ದವನ ಮೇಲೆ ಬಿದ್ದ. ಇಬ್ಬರೂ ಸೇರಿ ಹಿಂದಿನ ಇಬ್ಬರನ್ನು ಎಳೆದುಕೊಂಡು ಹೋದರು. ಉಳಿದವರು ಬಂಡೆಯನ್ನು ಅವಚಿಕೊಂಡರು, ನಡುವೆ ಹಗ್ಗ ತುಂಡಾಯಿತು. ನಾಲ್ವರು ಸತ್ತರು, ಮೂವರು ಬದುಕಿದರು. ತುಂಡಾದದ್ದು ಅವರಲ್ಲಿದ್ದ ಹಗ್ಗಗಳಲ್ಲೇ ತೀರಾ ಬಡಕಲು ಹಗ್ಗ. ಗಟ್ಟಿ ಹಗ್ಗವೂ ಜೊತೆಯಲ್ಲೇ ಇತ್ತು. ಅಂದರೆ "ಹಗ್ಗ ತಂದಿದ್ದೀವಿ" ಅನ್ನುವ ಸಮಾಧಾನ ನಿನ್ನೆ ಮೊನ್ನೆಯದಲ್ಲ. ಆ ತುಂಡನ್ನು ಜೆರ್ಮಾಟ್ ಊರಿನ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಅದರ ಮುಂದೆಯೂ ಜನ ಫೋಟೋ ತೆಗೆಸಿಕೊಳ್ಳುತ್ತಾರೆ.

ಈಗ ಕಾಲ ಸುಧಾರಿಸಿದೆ. ಕ್ಲೈಂಬಿಂಗ್‌ಗೆಂದೇ ಮಾಡಿದ ಸಿಂಗಲ್ ಹಗ್ಗಕ್ಕೆ, ಅಂದರೆ ಒಂದೇ ಎಳೆಯಾಗಿ ಬಳಸುವ ಹಗ್ಗಕ್ಕೆ, ಪ್ರಯೋಗಾಲಯದಲ್ಲಿ 80 ಕಿಲೋ ತೂಕ ಕಟ್ಟಿ ಬೀಳಿಸುತ್ತಾರೆ. ಕನಿಷ್ಠ 5 ಸಲ ತಡೆದರೆ ಮಾತ್ರ ಪಾಸು. ಹಾಗಾಗಿ ನಡುವೆ ತುಂಡಾಗಿ ಯಾರನ್ನೋ ಉಳಿಸುವ ಚಾನ್ಸು ಈಗ ಕಮ್ಮಿ. ಕಂಪನಿಯವರು ಅಷ್ಟು ಗಟ್ಟಿಯಾಗಿ ಮಾಡುತ್ತಿದ್ದಾರೆ.

ಅಂದಹಾಗೆ ಕ್ಲೈಂಬಿಂಗ್ ಹಗ್ಗ ಬಿದ್ದಾಗ ಹಿಗ್ಗುತ್ತದೆ. ಹಿಗ್ಗಿ ಪೆಟ್ಟನ್ನು ನುಂಗುತ್ತದೆ. ಮಾನದಂಡದ ಪ್ರಕಾರ ಪರೀಕ್ಷೆಯ ಮೊದಲ ಬೀಳಿನಲ್ಲಿ 40 ಪರ್ಸೆಂಟಿನವರೆಗೂ ಹಿಗ್ಗಬಹುದು. ಸಾಮಾನು ಕಟ್ಟುವ ಹಗ್ಗ, ಗಾಡಿ ಎಳೆಯುವ ಹಗ್ಗ ಇಂಥ ಕೆಲಸಕ್ಕೆ ಮಾಡಿದ್ದೇ ಅಲ್ಲ. ತಡೆದರೂ ಪೆಟ್ಟೆಲ್ಲ ಸೊಂಟಕ್ಕೆ. ಆದರೆ "ಹಗ್ಗ ಅಂದ್ರೆ ಹಗ್ಗ ಕಣ್ರೀ, ಬಣ್ಣ ನೋಡಿ ಎಷ್ಟು ಚೆನ್ನಾಗಿದೆ" ಅನ್ನುವವರಿಗೆ ಏನು ಹೇಳುವುದು? ಕೀ ಗೊಂಚಲಿನ ಕ್ಯಾರಬೈನರ್ ಮೇಲೆ "ಕ್ಲೈಂಬಿಂಗ್‌ಗೆ ಅಲ್ಲ" ಅಂತ ಕೆತ್ತಿರುತ್ತಾರೆ. ಅದನ್ನೇ ಹಾರ್ನೆಸ್ಸಿಗೆ, ಅಂದರೆ ಸೊಂಟಕ್ಕೂ ತೊಡೆಗೂ ಬಿಗಿದುಕೊಳ್ಳುವ ಪಟ್ಟಿಗೆ, ಸಿಕ್ಕಿಸಿಕೊಂಡು ಬರುವವರಿದ್ದಾರೆ. ಓದುವುದಕ್ಕೂ ಬೆಟ್ಟಕ್ಕೂ ಏನು ಸಂಬಂಧ?

ತುದಿಯಲ್ಲಿ ನಿಂತು ಹಗ್ಗ ಇಳಿಬಿಡುವ ಧೀರರನ್ನು ಮರೆಯುವ ಹಾಗಿಲ್ಲ. ಅಂಚಿನಲ್ಲಿ ನೆಟ್ಟಗೆ ನಿಂತು, ಬರಿಗೈಯಲ್ಲಿ ಹಗ್ಗ ಹಿಡಿದು, "ನೀನು ಬಾರೋ, ನಾನು ಹಿಡ್ಕೊಂಡಿದ್ದೀನಿ" ಅನ್ನುತ್ತಾರೆ. ಹಿಡಿದವನದು 60 ಕಿಲೋ, ಕೆಳಗಿರುವವನದು 85. ಹಿಡಿದವನನ್ನು ಹಿಡಿದವರು ಯಾರೂ ಇಲ್ಲ. ಆದರೆ ದನಿಯಲ್ಲಿ ಎಂಥ ಭರವಸೆ!

ಇವರಿಗೆ ಪೂರ್ತಿ ವಿರುದ್ಧ ಪಕ್ಷವೂ ಇದೆ. "ನಮ್ಮ ಕಾಲದಲ್ಲಿ ಹಗ್ಗ ಗಿಗ್ಗ ಏನೂ ಇರಲಿಲ್ಲ" ಅನ್ನುವವರು. ಸರಸರ ಹತ್ತುತ್ತಾರೆ, ಅದು ನಿಜ. ಹತ್ತುವಾಗ ಹಿಡಿತ ಕಣ್ಣೆದುರಿಗೇ ಇರುತ್ತದೆ. ಇಳಿಯುವಾಗ ಕಾಲಿಡುವ ಜಾಗ ಹೊಟ್ಟೆಯ ಅಡಿಗೆ ಹೋಗಿ ಅಡಗಿಕೊಳ್ಳುತ್ತದೆ. ಆಗ ಒಂದು ಚಿಕ್ಕ ಕಟ್ಟೆಯ ಮೇಲೆ ಕೂತು ಫೋನ್ ಮಾಡುತ್ತಾರೆ. ರಕ್ಷಣಾ ತಂಡದವರು ಬಂದು, ಮೊದಲು ಹಗ್ಗವನ್ನು ಬಂಡೆಗೆ ಬಿಗಿಯುವ ಆಂಕರ್ ಹಾಕಿ, ಎಳೆದು ನೋಡಿ, ಇನ್ನೊಂದು ಆಂಕರ್ ಹಾಕಿ, ಅದನ್ನೂ ಎಳೆದು ನೋಡುತ್ತಾರೆ. ಅಷ್ಟರಲ್ಲಿ ಹಳೇ ಹುಲಿ ಮೆಲ್ಲಗೆ ಕೇಳುತ್ತದೆ: "ತಮ್ಮಾ, ಹಗ್ಗ ಗಟ್ಟಿ ಇದೆ ಅಲ್ವಾ?"

ಏನಾದರೂ ಅನಾಹುತ ಆದ ವಾರ ಎಲ್ಲೆಲ್ಲೂ ಒಂದೇ ಕೂಗು: ಸುರಕ್ಷಾ ಸಾಮಗ್ರಿ ಕಡ್ಡಾಯ ಮಾಡಿ! ಮಾಡಿದರು ಅಂತಲೇ ಇಟ್ಟುಕೊಳ್ಳೋಣ. ಬೆಟ್ಟದ ಬುಡದಲ್ಲಿ ಒಂದು ಮೇಜು, ಮೇಜಿನ ಹಿಂದೆ ಒಬ್ಬ ಸಾಹೇಬರು, ಅವರ ಕೈಯಲ್ಲೊಂದು ಫಾರಂ. "ಹಗ್ಗ?" "ಇದೆ ಸಾರ್." "ಹೆಲ್ಮೆಟ್?" "ಇದೆ ಸಾರ್." "ಹಾರ್ನೆಸ್?" "ಹಾಕ್ಕೊಂಡೇ ಬಂದಿದ್ದೀನಿ ಸಾರ್." ಹಾಕಿಕೊಂಡಿದ್ದಾನೆ, ಹಿಂದುಮುಂದಾಗಿ. ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ. ಗಂಟು ಹಾಕಲು ಬರುತ್ತದಾ ಅನ್ನುವುದಕ್ಕೂ ಇಲ್ಲ. ಮಳೆ ಬಂದರೆ ಅರ್ಧದಲ್ಲೇ ವಾಪಸ್ ಬರುತ್ತೀರಾ ಅನ್ನುವುದಕ್ಕಂತೂ ಇಲ್ಲವೇ ಇಲ್ಲ. ಸಾಹೇಬರು ಮೂರೂ ಕಡೆ ಗುರುತು ಹಾಕಿ, ಸೀಲು ಒತ್ತಿ, "ನೆಕ್ಸ್ಟ್" ಅನ್ನುತ್ತಾರೆ.