ಆಕ್ಸಿಜನ್ ಹಾಕಿಕೊಂಡೇ ಮಾರ್ಕೆಟ್‌ಗೆ ಹೋಗುತ್ತೇನೆ

ನಮ್ಮ ಕಡೆ ಆಕ್ಸಿಜನ್ ಅಂದ ಕೂಡಲೇ ಜನರಿಗೆ 2021 ನೆನಪಾಗುತ್ತದೆ. ಆ ಬೇಸಿಗೆಯಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಟ್ಯಾಂಕರ್‌ಗಳು ಹೊರಡುತ್ತಿದ್ದವು. ಅಲ್ಲೇ ಪಕ್ಕದಲ್ಲಿ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಎದ್ದಿತು. ಒಂದು ಬೆಡ್ಡಿಗಾಗಿ ರಾತ್ರಿಯಿಡೀ ಫೋನ್ ಹಚ್ಚಿ ಕೂತವರು ನಮ್ಮ ಓಣಿಯಲ್ಲೇ ಇದ್ದಾರೆ. ಆವಾಗಿನಿಂದ ಮೂಗಿಗೆ ಪೈಪು ಬಂತು ಅಂದರೆ ಅವರ ಕಥೆ ಮುಗೀತು ಅಂತಲೇ ಲೆಕ್ಕ. ನಾನೋ, ಅದೇ ಪೈಪು ಹಾಕಿಕೊಂಡು, ಹೆಗಲಿಗೆ ಚಿಕ್ಕ ಆಕ್ಸಿಜನ್ ಮಷಿನ್ ನೇತುಹಾಕಿಕೊಂಡು ಕೊಪ್ಪಳದ ಮಾರ್ಕೆಟ್‌ನಲ್ಲಿ ಮೆಂತ್ಯ ಸೊಪ್ಪಿಗೆ ಚೌಕಾಸಿ ಮಾಡುತ್ತಿರುತ್ತೇನೆ. ಸೊಪ್ಪಿನವಳಿಗೆ ಪಾಪ, ಜಗಳ ಆಡಬೇಕೋ ಕನಿಕರ ತೋರಿಸಬೇಕೋ ಗೊತ್ತಾಗುವುದಿಲ್ಲ.

"ಅಕ್ಕೋರೆ, ಮನ್ಯಾಗ ಆರಾಮ ಕುಂದ್ರೂದು ಬಿಟ್ಟು ಯಾಕ್ರೀ ಹಿಂಗ ಅಡ್ಡಾಡ್ತೀರಿ?" ಇದನ್ನು ಕೇಳದವರು ಕಡಿಮೆ. ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಈ ಪ್ರಶ್ನೆಯೇ ತಲೆಕೆಳಗಾಗಿದೆ ಅನ್ನುವುದು ನನ್ನ ವಾದ.

ನನ್ನದು ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ. ಕುರ್ಚಿಯಲ್ಲಿ ಕೂತಾಗ, ರಕ್ತದ ಆಕ್ಸಿಜನ್ ಅಳೆಯುವ ಬೆರಳಿನ ಮೀಟರ್ ಶೇ. 94, 95 ತೋರಿಸುತ್ತದೆ. ಎದ್ದು ಗೇಟಿನ ತನಕ ಹೋಗಿ ಬಂದರೆ 83. ಅದಕ್ಕೇ ಡಾಕ್ಟರು ಕಾರಿಡಾರ್‌ನಲ್ಲಿ 6 ನಿಮಿಷ ನಡೆಸಿ ಪರೀಕ್ಷೆ ಮಾಡುತ್ತಾರೆ. ಕೂರಿಸಿ ನೋಡಿದರೆ ನನ್ನಂಥವರ ಕಾಯಿಲೆ ಸಿಕ್ಕಿಬೀಳುವುದೇ ಇಲ್ಲ. ಅಂದರೆ ನನಗೆ ಆಕ್ಸಿಜನ್ ಬೇಕಾಗುವುದೇ ಓಡಾಡುವಾಗ. ಓಡಾಡಲಿ ಅಂತ ಕೊಟ್ಟ ಮಷಿನ್ ತೋರಿಸಿ, ಅದಿದೆಯಲ್ಲ ಮನೆಯಲ್ಲೇ ಇರಿ ಅಂದರೆ ಏನು ಹೇಳಲಿ?

ಕೂತಾಗಲೂ ಬೇಕಾಗುವವರು ಬೇರೆ. ಹಲವು ವರ್ಷ ಕಟ್ಟಿಗೆ ಒಲೆ ಊದಿದ ಹೆಂಗಸರು, ಬೀಡಿ ಸೇದಿದ ಗಂಡಸರು. ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ, ಜಾಸ್ತಿಯಾಗಿ ಆಕ್ಸಿಜನ್ ಮಟ್ಟ ಸದಾ 88ರ ಕೆಳಗೇ ಇರುವವರಿಗೆ ದಿನಕ್ಕೆ ಕನಿಷ್ಠ 15 ತಾಸು ಕೊಟ್ಟರೆ ಆಯುಷ್ಯ ಹೆಚ್ಚುತ್ತದೆ ಅಂತ 1980, 81ರಲ್ಲೇ ಅಮೆರಿಕ ಮತ್ತು ಬ್ರಿಟನ್ನಿನ ಅಧ್ಯಯನಗಳು ತೋರಿಸಿವೆ. ಮನೆಯ ದೊಡ್ಡ ಮಷಿನ್ ಕೊಟ್ಟು 15 ತಾಸು ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿದರೆ ಆ ಮನುಷ್ಯ ಹೊರಗೆ ಹೋಗುವುದು ಯಾವಾಗ? ಕೂತಲ್ಲೇ ಕೂತರೆ ಕಾಲಿನ ಶಕ್ತಿ ಹೋಗುತ್ತದೆ. ಆಮೇಲೆ ಬಚ್ಚಲಿಗೆ ಹೋಗಿ ಬರುವುದಕ್ಕೂ ಏದುಸಿರು. ಅದನ್ನು ನೋಡಿ ಮನೆಯವರು, ನಾವು ಹೇಳಲಿಲ್ವಾ, ಅಡ್ಡಾಡಬೇಡ ಅಂತ?

ನನ್ನ ಹೆಗಲ ಮಷಿನ್ ಬಗ್ಗೆ ಸ್ವಲ್ಪ ಹೇಳಬೇಕು. ಪೋರ್ಟಬಲ್ ಆಕ್ಸಿಜನ್ ಕಾನ್ಸಂಟ್ರೇಟರ್ ಅಂತ ಅದರ ಹೆಸರು. ಅದರೊಳಗೆ ಸಿಲಿಂಡರ್ ಇಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಆಕ್ಸಿಜನ್ ಶೇ. 21, ಉಳಿದದ್ದು ಬಹುಪಾಲು ನೈಟ್ರೋಜನ್. ಝಿಯೋಲೈಟ್ ಅನ್ನುವ ಹರಳು ಆ ನೈಟ್ರೋಜನ್ನನ್ನು ಹಿಡಿದಿಟ್ಟುಕೊಂಡು ಶೇ. 90ಕ್ಕಿಂತ ಹೆಚ್ಚು ಆಕ್ಸಿಜನ್ ಇರುವ ಗಾಳಿ ಬಿಡುತ್ತದೆ. ನಾನು ಉಸಿರೆಳೆದಾಗ ಮಾತ್ರ ಪುಸ್ ಅನ್ನುತ್ತದೆ. ಮದುವೆ ಮನೆಯಲ್ಲಿ ಪಕ್ಕದ ಮಗು ಆ ಪುಸ್ ಎಣಿಸುತ್ತಾ ಕೂರುತ್ತದೆ, ದೊಡ್ಡವರು ಕೇಳಿಸದವರ ಹಾಗೆ ನಟಿಸುತ್ತಾರೆ. ನನಗೆ ಮಗುವಿನ ಸಹವಾಸವೇ ಇಷ್ಟ.

ಮಾರುವವರ ಮಾತನ್ನು ಮಾತ್ರ ಹುಷಾರಾಗಿ ಕೇಳಿ. "5ರ ತನಕ ಐತ್ರೀ" ಅಂತ ಒಬ್ಬ ಡೀಲರ್ ನನಗೆ ಬಟನ್ ಒತ್ತಿ ತೋರಿಸಿದ್ದ. ಆ ಅಂಕಿ ಲೀಟರ್ ಅಲ್ಲ. ಮನೆಯ ದೊಡ್ಡ ಮಷಿನ್‌ನಲ್ಲಿ 2 ಅಂದರೆ ನಿಮಿಷಕ್ಕೆ 2 ಲೀಟರ್. ಈ ಚಿಕ್ಕದರಲ್ಲಿ 2 ಅಂದರೆ ಬರೀ ಒಂದು ಹಂತ. ಹೆಗಲಿಗೆ ಹಾಕಿಕೊಳ್ಳುವ ಎರಡು, ಎರಡೂವರೆ ಕೆಜಿಯ ಹಲವು ಮಷಿನ್‌ಗಳು ನಿಮಿಷಕ್ಕೆ ಒಟ್ಟು ಒಂದು ಲೀಟರ್ ಆಸುಪಾಸು ತಯಾರಿಸಿದರೆ ಹೆಚ್ಚು. ಮಷಿನ್ ಹಾಕಿಕೊಂಡು, ನಡೆದು, ಬೆರಳಿನ ಮೀಟರ್ ನೋಡಿ ಆಮೇಲೆ ದುಡ್ಡು ಕೊಡಿ. ಅಂಗಡಿಯಲ್ಲಿ ಕೂತು ನೋಡಿದರೆ ಎಲ್ಲ ಮಷಿನ್ನೂ ಚೆಂದ.

ನಮ್ಮ ಊರಿನ ಬಿಸಿಲು ಇವಕ್ಕೆ ಆಗಿಬರುವುದಿಲ್ಲ. ಸಾಮಾನ್ಯವಾಗಿ 40 ಡಿಗ್ರಿಯ ತನಕ ಕೆಲಸ ಮಾಡುತ್ತವೆ ಅಂತ ಪುಸ್ತಕದಲ್ಲೇ ಬರೆದಿರುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಕೊಪ್ಪಳ, ರಾಯಚೂರಿನಲ್ಲಿ 40 ಅಂದರೆ ಏನು ದೊಡ್ಡದು? ನಿಲ್ಲಿಸಿದ ಕಾರಿನೊಳಗೆ ಇನ್ನೂ ಜಾಸ್ತಿ. ಹಾಗಾಗಿ ಬೇಸಿಗೆಯಲ್ಲಿ ನನ್ನ ಓಡಾಟ ಬೆಳಿಗ್ಗೆ ಹತ್ತರ ಒಳಗೆ. ಛತ್ರಿ ಹಿಡಿಯುವುದು ನನಗಿಂತ ಜಾಸ್ತಿ ಮಷಿನ್‌ಗೆ. ಕಾರ್ಖಾನೆಗಳಿರುವ ಗಿಣಿಗೇರಿ ಕಡೆ ಹೋಗಿ ಬಂದ ದಿನ ಫಿಲ್ಟರ್ ಜಾಲರಿ ತೆಗೆದು ತೊಳೆದರೆ ನೀರು ಕಪ್ಪಗೆ ಇಳಿಯುತ್ತದೆ. ಇದೇ ಗಾಳಿಯನ್ನು ಫಿಲ್ಟರ್ ಇಲ್ಲದೆ ಎಳೆದುಕೊಳ್ಳುವವರು ನನ್ನ ಮೂಗಿನ ಪೈಪು ನೋಡಿ ಅಯ್ಯೋ ಅನ್ನುತ್ತಾರೆ.

ಇನ್ನೊಂದು, ಹೆಂಗಸರಿಗೆ. ಯಾರೂ ನೋಡಬಾರದು ಅಂತ ಮಷಿನ್ ಮೇಲೆ ಸೆರಗು ಹೊದಿಸಬೇಡಿ. ಗಾಳಿ ಎಳೆಯುವ ಕಿಂಡಿ ಮುಚ್ಚಿದರೆ ಅದು ಬಿಸಿಯಾಗಿ ಕೂಗಿಕೊಳ್ಳುತ್ತದೆ. ಆಗ ಊರೆಲ್ಲ ತಿರುಗಿ ನೋಡುತ್ತದೆ.

ಬೆಂಕಿಯ ವಿಷಯದಲ್ಲಿ ನಾನು ಯಾರ ಮುಲಾಜೂ ನೋಡುವುದಿಲ್ಲ. ಆಕ್ಸಿಜನ್ ತಾನು ಉರಿಯುವುದಿಲ್ಲ, ಆದರೆ ಪಕ್ಕದಲ್ಲಿ ಉರಿಯುವುದನ್ನು ಭುಗಿಲೆಬ್ಬಿಸುತ್ತದೆ. ಬಟ್ಟೆಯಲ್ಲಿ, ಕೂದಲಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ ಕೂಡ. ಬಸ್ ಸ್ಟ್ಯಾಂಡಿನಲ್ಲಿ ಬೀಡಿ ಹಚ್ಚಿದವರನ್ನು ಎಬ್ಬಿಸಿ ಕಳಿಸುತ್ತೇನೆ. ಮೇಷ್ಟ್ರಗಿರಿ ಅಷ್ಟಕ್ಕಾದರೂ ಉಪಯೋಗಕ್ಕೆ ಬರಲಿ. ಗವಿಮಠದ ಜಾತ್ರೆಗೆ ತೇರಿನ ದಿನ ಬಿಟ್ಟು ಹೋಗುತ್ತೇನೆ, ದಾಸೋಹದ ಮಿರ್ಚಿಯನ್ನೂ ಬಿಡುವುದಿಲ್ಲ, ಕಡಾಯಿ ಹತ್ತಿರ ಮಾತ್ರ ಸುಳಿಯುವುದಿಲ್ಲ. ಗುಡಿಯಲ್ಲಿ ಕರ್ಪೂರದ ತಟ್ಟೆ ಬಂದಾಗ ನಾನು ಹಿಂದೆ ಕಂಬದ ಹತ್ತಿರ ನಿಲ್ಲುತ್ತೇನೆ. ಸೊಸೆ ಮುಂದೆ ಹೋಗಿ ಆರತಿ ತಗೊಂಡು, ಬೆಚ್ಚಗಿನ ಅಂಗೈಯನ್ನು ತಂದು ನನ್ನ ಕಣ್ಣಿಗೆ ಒತ್ತುತ್ತಾಳೆ. ಮೂಗು ಒಣಗಿ ಉರಿಯುತ್ತದೆ ಅಂತ ವ್ಯಾಸಲೀನು, ಎಣ್ಣೆ ಹಚ್ಚುವವರಿದ್ದಾರೆ. ಅದೂ ಬೇಡ. ನೀರಿನ ಅಂಶದ ಜೆಲ್ ಕೇಳಿ, ಮೆಡಿಕಲ್‌ನಲ್ಲಿ ಕೊಡುತ್ತಾರೆ.

ಮಷಿನ್ ದುಬಾರಿ, ಎಲ್ಲರ ಕೈಗೆ ಎಟುಕುವುದಿಲ್ಲ, ಒಪ್ಪುತ್ತೇನೆ. ಹಾಗಿದ್ದವರು ಸಿಲಿಂಡರ್ ನೆಚ್ಚಬೇಕು. ಬಿ ಟೈಪ್‌ನಲ್ಲಿ ಸುಮಾರು 1500 ಲೀಟರ್ ಇರುತ್ತದೆ, ನಿಮಿಷಕ್ಕೆ 2 ಲೀಟರ್‌ನಂತೆ 12 ತಾಸು ಬರುತ್ತದೆ. ಆದರೆ ಕಬ್ಬಿಣದ್ದು, ಹದಿನೈದು ಕೆಜಿ ಹತ್ತಿರ ಹತ್ತಿರ ಭಾರ. ಅದನ್ನು ಹೊತ್ತು ನಡೆಯುವವನಿಗೆ ಆಕ್ಸಿಜನ್ ಯಾಕೆ ಬೇಕು? ಅಲ್ಯುಮಿನಿಯಂನ ಚಿಕ್ಕ ಸಿಲಿಂಡರ್ ಹಗುರ. ಒಂದೂ ಮುಕ್ಕಾಲು ಲೀಟರ್ ಗಾತ್ರದ್ದು 150 ಬಾರ್ ಒತ್ತಡಕ್ಕೆ ತುಂಬಿದ್ದರೆ 2 ಲೀಟರ್ ಲೆಕ್ಕದಲ್ಲಿ ಎರಡು ತಾಸು. ಆಸ್ಪತ್ರೆಗೋ ಮದುವೆಗೋ ಹೋಗಿ ಬರಲು ಸಾಕು.

ನಾನು ಡಾಕ್ಟರ ಹತ್ತಿರ ಹುಬ್ಬಳ್ಳಿಗೆ ಹೋಗುವುದು ರೈಲಿನಲ್ಲಿ. ಪ್ರಯಾಣದ ಒಂದೂವರೆ ಪಟ್ಟು ಬ್ಯಾಟರಿ ಇರಬೇಕು ಅನ್ನುವುದು ವಿಮಾನದವರು ಕೇಳುವ ಲೆಕ್ಕ. ನಾನು ರೈಲಿಗೂ ಅದನ್ನೇ ಇಟ್ಟುಕೊಂಡಿದ್ದೇನೆ. ಹಂತ ಏರಿಸಿದಷ್ಟೂ ಬ್ಯಾಟರಿ ಬೇಗ ಇಳಿಯುತ್ತದೆ. ನಾಲ್ಕು ತಾಸು ಬರುತ್ತದೆ ಅಂತ ಹೇಳಿದ್ದು ಮೆಟ್ಟಿಲು ಹತ್ತುವವರ ಲೆಕ್ಕ ಅಲ್ಲ. ಡಾಕ್ಟರ ಚೀಟಿ ಜೊತೆಗಿರಲಿ. ರೈಲಿನಲ್ಲಿ ರೋಗಿ ಸಿಲಿಂಡರ್ ಒಯ್ಯುವುದಕ್ಕೂ ಅದು ಬೇಕು. ವಿಮಾನದಲ್ಲಿ ನಮ್ಮ ಸಿಲಿಂಡರ್ ಬಿಡುವುದಿಲ್ಲ. ಈ ಮಷಿನ್ ಬಿಡುತ್ತಾರೆ, ಮೊದಲೇ ಫಾರಂ ತುಂಬಿ ಅನುಮತಿ ಪಡೆದಿರಬೇಕು.

ಸಿಟ್ಟು ಬರುವ ವಿಷಯ ಒಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಶ್ವಾಸಕೋಶದ ಕಾಯಿಲೆ ಅದರಲ್ಲಿಲ್ಲ. ನೂರು ಹೆಜ್ಜೆ ನಡೆದರೆ ತುಟಿ ನೀಲಿಯಾಗುವವರಿಗೆ ಅಂಗವಿಕಲರ ಕಾರ್ಡೂ ಇಲ್ಲ, ಮೀಸಲು ಸೀಟೂ ಇಲ್ಲ. ಒಂದು ಕಚೇರಿಯಲ್ಲಿ ಕ್ಯೂ ಬಿಟ್ಟು ಕೂರಲು ಕೇಳಿದ್ದಕ್ಕೆ "ನಿಮಗ ಕೈಕಾಲು ಚಲೋ ಅದಾವಲ್ರೀ" ಅಂದರು. ಕೈಕಾಲು ಚಲೋನೇ ಇವೆ. ಅವಕ್ಕೆ ಗಾಳಿ ಮುಟ್ಟುತ್ತಿಲ್ಲ ಅನ್ನುವುದೇ ತಕರಾರು. ಈ ಕಾಯ್ದೆ ತಿದ್ದುವ ಮಾತು ಯಾವ ಜನಪ್ರತಿನಿಧಿಯ ಬಾಯಲ್ಲೂ ನಾನು ಕೇಳಿಲ್ಲ.

ಕಾಯ್ದೆ ಬದಲಾಗುವ ತನಕ ನನ್ನ ಬೇಡಿಕೆ ತೀರಾ ಸಣ್ಣದು. ಒಂದು ಕುರ್ಚಿ, ಅದರ ಪಕ್ಕ ಕೆಲಸ ಮಾಡುವ ಒಂದು ಪ್ಲಗ್ಗು. ನಮ್ಮ ಕಲ್ಯಾಣ ಮಂಟಪಗಳಲ್ಲಿ ಪ್ಲಗ್ಗೆಲ್ಲ ಸ್ಟೇಜ್ ಮೇಲೆ, ಡಿಜೆ ಹತ್ತಿರ. ಬಸ್ ಸ್ಟ್ಯಾಂಡ್‌ಗಳಲ್ಲಿ ಪ್ಲಗ್ ಇರುವ ಕಡೆ ಕೂರಲು ಜಾಗ ಇರುವುದಿಲ್ಲ. ನಾನೊಂದು ಪಟ್ಟಿ ಮಾಡುತ್ತಿದ್ದೇನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ ಎಲ್ಲೆಲ್ಲಿ ಕೂತು ಚಾರ್ಜ್ ಮಾಡಿಕೊಳ್ಳಬಹುದು ಅಂತ ನಿಮಗೆ ಗೊತ್ತಿದ್ದರೆ ತಿಳಿಸಿ. ಸದ್ಯಕ್ಕೆ ಪಟ್ಟಿಯಲ್ಲಿ ಮೊದಲು ಇರುವುದು ನಮ್ಮ ಟೇಲರ್ ಅಂಗಡಿ. ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಕಿತ್ತು ನನಗೆ ಕೊಡುತ್ತಾನೆ, ಜೊತೆಗೆ ಚಹಾ ಹೇಳುತ್ತಾನೆ. ಬ್ಲೌಸು ಮಾತ್ರ ಹೇಳಿದ ದಿನಕ್ಕೆ ಕೊಡುವುದಿಲ್ಲ.