ಬಿಡಿಭಾಗ ಯಾವ ಗಾಡಿಯದಾದರೂ ಇರಲಿ, ಜೋಡಣೆ ಸರಿಯಿರಲಿ

ಹಳೆಯ ಫೋರ್ಡ್ ಪಿಕಪ್ಪಿಗೆ ಬೇರೆ ಬೇರೆ ಕಾಲದ, ಬೇರೆ ಬೇರೆ ಕಂಪನಿಗಳ ಬಿಡಿಭಾಗಗಳನ್ನು ಕೂಡಿಸಿ ಹಾಟ್ ರಾಡ್ ಎಂಬ ವೇಗದ ಗಾಡಿ ಕಟ್ಟುವವರ ಮೇಲೆ ಇಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಎರಡು ಕಡೆಯಿಂದ ಟೀಕೆ ಬರುತ್ತದೆ. ಗಾಡಿ ಕಾರ್ಖಾನೆಯಿಂದ ಬಂದಂತೆಯೇ ಇರಬೇಕು ಎನ್ನುವವರು, ತೊಂಬತ್ತು ವರ್ಷ ಉಳಿದುಬಂದದ್ದನ್ನು ಕತ್ತರಿಸಿ ಹಾಳುಮಾಡಿದಿರಿ ಎನ್ನುತ್ತಾರೆ. ಇನ್ನು ಕೆಲವರಿಗೆ, ಗುಜರಿಯಿಂದ ಬಂದದ್ದಲ್ಲದಿದ್ದರೆ, ತುಕ್ಕು ಕಣ್ಣಿಗೆ ಹೊಡೆಯದಿದ್ದರೆ ಅದು ಹಾಟ್ ರಾಡೇ ಅಲ್ಲ. ಇವರಿಬ್ಬರೂ ನೋಡುತ್ತಿರುವುದು ಬಿಡಿಭಾಗವನ್ನು. ಒಂದು ಭಾಗ ಇನ್ನೊಂದಕ್ಕೆ ಕೂಡುವ ಜಾಗವನ್ನು, ಅಂದರೆ ಅಡಾಪ್ಟರ್ ಪ್ಲೇಟು, ಬ್ರಾಕೆಟ್ಟು, ವೆಲ್ಡಿಂಗು, ಕೋನ, ಅಂತರ ಇವುಗಳನ್ನು ಬಗ್ಗಿ ನೋಡುವವರು ಕಡಿಮೆ. ಇಂಥ ಗಾಡಿಯ ಯೋಗ್ಯತೆ ಪೂರ್ತಿಯಾಗಿ ಅಲ್ಲೇ ತೀರ್ಮಾನವಾಗುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ನನ್ನ ಹೊಟ್ಟೆಪಾಡು ಸಾಫ್ಟ್‌ವೇರಿನಲ್ಲಿ, ಆದರೆ ಓದಿದ್ದು ಮೆಕ್ಯಾನಿಕಲ್. ನಮ್ಮ ಬೀದಿಯಲ್ಲಿ ಲೇತ್ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು 1930ರ ಫೋರ್ಡ್ ಮಾಡೆಲ್ ಎ ಪಿಕಪ್ ಕಟ್ಟುತ್ತಿದ್ದಾರೆ. ಶನಿವಾರಗಳಲ್ಲಿ ನಾನು ಅವರ ಗ್ಯಾರೇಜಿನಲ್ಲಿ ಕೈಯಾಳು. ಪಾನಾ ಕೊಡುವುದು, ದೀಪ ಹಿಡಿಯುವುದು, ಅಳತೆ ಬರೆದುಕೊಳ್ಳುವುದು ನನ್ನ ಪಾಲಿನ ಕೆಲಸ. ಹಾಗಾಗಿ ಇದು ದೂರದಿಂದ ನೋಡಿ ಬರೆದದ್ದಲ್ಲ, ಪರಿಣತಿಯೂ ನನ್ನದಲ್ಲ.

ಈ ಹವ್ಯಾಸ ಬೆಳೆದದ್ದೇ ಜೇಬಿನಲ್ಲಿ ಕಾಸಿಲ್ಲದ ಹುಡುಗರ ಕೈಯಲ್ಲಿ. 1930ರ ದಶಕದಲ್ಲಿ ಅವರು ಹಳೆಯ ಫೋರ್ಡುಗಳ ಮಡ್‌ಗಾರ್ಡು, ಬಾನೆಟ್ಟುಗಳನ್ನು ಕಳಚಿ, ಮೊಹಾವಿ ಮರುಭೂಮಿಯ ಮ್ಯೂರಾಕ್ ಎಂಬ ಒಣ ಸರೋವರದ ಗಟ್ಟಿ ನೆಲಕ್ಕೆ ಕೊಂಡೊಯ್ದು ವೇಗ ಅಳೆಯುತ್ತಿದ್ದರು. 1937ರಲ್ಲಿ ಅಲ್ಲಿನ ಕ್ಲಬ್ಬುಗಳು ಒಟ್ಟಾಗಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡವು. ಮ್ಯೂರಾಕ್ ಸೇನೆಯ ವಿಮಾನನೆಲೆಯಾಗಿ ಕೈತಪ್ಪಿದ ಮೇಲೆ ಓಟ ಎಲ್ ಮಿರಾಜ್‌ಗೆ ಹೋಯಿತು, 1949ರಲ್ಲಿ ಯೂಟಾದ ಬಾನವಿಲ್ ಉಪ್ಪಿನ ಬಯಲನ್ನೂ ತಲುಪಿತು. ಎರಡನೆಯ ಮಹಾಯುದ್ಧ ಮುಗಿದೊಡನೆ ಬಿಲ್ ಬರ್ಕ್ ಎಂಬಾತ ಯುದ್ಧವಿಮಾನದ ಕೆಳಗೆ ತೂಗುಹಾಕುವ ಹೆಚ್ಚುವರಿ ಪೆಟ್ರೋಲ್ ಟ್ಯಾಂಕನ್ನೇ ಕಾರಿನ ಬಾಡಿಯಾಗಿ ಮಾಡಿಕೊಂಡ. ಸಿಕ್ಕಿದ್ದನ್ನು ಕೂಡಿಸುವುದು ಅವರಿಗೆ ಶೋಕಿಯಾಗಿರಲಿಲ್ಲ. ಹೊಸ ಎಂಜಿನ್ ಕೊಳ್ಳುವ ಶಕ್ತಿಯಿಲ್ಲದವನಿಗೆ ಅಪಘಾತವಾದ ಗಾಡಿಯ ಎಂಜಿನ್ನೇ ಗತಿಯಾಗಿತ್ತು.

ಆ ಕಾಲದ ಆಸೆಯೆಲ್ಲ ಒಂದು ಎಂಜಿನ್ನಿನ ಮೇಲಿತ್ತು. 1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯರ ಕೈಗೆಟುಕುವ ಬೆಲೆಯ ಕಾರಿಗೆ ವಿ8 ಎಂಜಿನ್ ಕೊಟ್ಟಿತು. ವಾಲ್ವುಗಳೆಲ್ಲ ಬ್ಲಾಕಿನಲ್ಲೇ ಇದ್ದು ಹೆಡ್ಡು ಚಪ್ಪಟೆಯಾಗಿದ್ದರಿಂದ ಅದಕ್ಕೆ ಫ್ಲ್ಯಾಟ್‌ಹೆಡ್ ಎಂದು ಹೆಸರು. ಮೊದಲ ವರ್ಷ 65 ಅಶ್ವಶಕ್ತಿ ಇದ್ದದ್ದು 1949ರ ಹೊತ್ತಿಗೆ 100 ಆಗಿತ್ತು. ಮಾಡೆಲ್ ಎ ಗಾಡಿಯ ಮೂಲ ನಾಲ್ಕು ಸಿಲಿಂಡರ್ ಎಂಜಿನ್ ಕೊಡುತ್ತಿದ್ದದ್ದು 40. ಹಗುರವಾದ ಹಳೆಯ ಗಾಡಿಗೆ ಹೊಸ ವಿ8 ಕೂರಿಸಬೇಕೆಂಬ ಯೋಚನೆ ಯಾರಿಗಾದರೂ ಬರುವಂಥದ್ದೇ.

ನಮ್ಮ ಹಿರಿಯರು ಆರಿಸಿಕೊಂಡದ್ದು 1951ರ ಫೋರ್ಡ್ ಫ್ಲ್ಯಾಟ್‌ಹೆಡ್. ಅದರ ಸಿಲಿಂಡರುಗಳ ಒಟ್ಟು ಅಳತೆ 239 ಘನ ಇಂಚು, ಸುಮಾರು 3.9 ಲೀಟರ್. ಅದರೊಳಕ್ಕೆ ಮರ್ಕ್ಯುರಿ ಕಾರಿನ ಕ್ರ್ಯಾಂಕ್, ಅಂದರೆ ಪಿಸ್ಟನ್ನುಗಳ ಏರಿಳಿತವನ್ನು ಸುತ್ತಾಗಿಸುವ ದಂಡ, ಹಾಕಿದ್ದಾರೆ. ಫೋರ್ಡ್ ಕ್ರ್ಯಾಂಕಿನ ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 3.75 ಇಂಚಾದರೆ ಮರ್ಕ್ಯುರಿಯದು ಸರಿಯಾಗಿ 4 ಇಂಚು, ಹಾಗಾಗಿ ಬೋರ್, ಅಂದರೆ ಸಿಲಿಂಡರಿನ ಅಗಲ, ಮುಟ್ಟದೆಯೇ ಎಂಜಿನ್ 255 ಘನ ಇಂಚಿನದಾಗುತ್ತದೆ. ಇದು ಎಪ್ಪತ್ತು ವರ್ಷ ಹಳೆಯ ಉಪಾಯ, ಮತ್ತು ಒಂದೇ ಕಂಪನಿಯ ಎರಡು ಕಾರುಗಳ ನಡುವಿನ ಅದಲುಬದಲಾದ್ದರಿಂದ ಹೆಚ್ಚು ತಕರಾರಿಲ್ಲದೆ ಮುಗಿಯುತ್ತದೆ. ತಕರಾರಿರುವುದು ಬಿಸಿಯಲ್ಲಿ. ಈ ಎಂಜಿನ್ನಿನಲ್ಲಿ ಸುಟ್ಟ ಅನಿಲ ಹೊರಗೆ ಹೋಗಬೇಕಾದರೆ ಬ್ಲಾಕಿನ ನೀರಿನ ಜಾಗವನ್ನು ದಾಟಿಯೇ ಹೋಗಬೇಕು. ಪ್ರತಿ ಬದಿಯಲ್ಲೂ ನಡುವಿನ ಎರಡು ಸಿಲಿಂಡರುಗಳಿಗೆ ಸೇರಿ ಒಂದೇ ದಾರಿ. ಮಾಡೆಲ್ ಎ ರೇಡಿಯೇಟರು ಈ ಬಿಸಿಯನ್ನು ತಡೆದುಕೊಳ್ಳಲಾರದು. ಪ್ರದರ್ಶನಕ್ಕೆಂದು ಹಳೆಯ ರೇಡಿಯೇಟರನ್ನೇ ಉಳಿಸಿಕೊಂಡ ಗಾಡಿಗಳು ಬೇಸಿಗೆಯಲ್ಲಿ ಸಿಗ್ನಲ್ಲಿನಲ್ಲಿ ನಿಂತು ಆವಿ ಕಾರುವುದನ್ನು ಇಲ್ಲಿ ಯಾರಾದರೂ ನೋಡಿರುತ್ತಾರೆ.

ಗೇರ್‌ಬಾಕ್ಸು ಫೋರ್ಡಿನದಲ್ಲ. ಷೆವ್ರೊಲೆ ಎಸ್-10 ಎಂಬ ಸಣ್ಣ ಪಿಕಪ್ಪಿನ ಐದು ಗೇರಿನ ಟಿ5 ಅದು. ಅದನ್ನೇ ಹಿಡಿಯಲು ಕಾರಣ, ಅದರ ಗೇರ್ ಲಿವರು ಬಹಳ ಮುಂದೆ ಬರುತ್ತದೆ. ಬೇರೆ ಟಿ5 ಆದರೆ ಮಾಡೆಲ್ ಎ ಕ್ಯಾಬಿನ್ನಿನಲ್ಲಿ ಲಿವರು ಸೀಟಿನ ಅಡಿಯಲ್ಲೇ ಏಳುತ್ತದೆ. ಕ್ಲಚ್ಚನ್ನು ಮುಚ್ಚುವ ಫೋರ್ಡ್ ಬೆಲ್ ಹೌಸಿಂಗಿಗೂ ಈ ಗೇರ್‌ಬಾಕ್ಸಿಗೂ ನಡುವೆ ಅಲ್ಯೂಮಿನಿಯಂ ಅಡಾಪ್ಟರ್ ಪ್ಲೇಟು ಬರುತ್ತದೆ. ಪ್ಲೇಟು ಕೊಂಡು ಬೋಲ್ಟು ಬಿಗಿದರೆ ಆಯಿತು ಎಂದು ನಾನು ತಿಳಿದಿದ್ದೆ. ಹಿರಿಯರು ಫ್ಲೈವೀಲಿನ ಮೇಲೆ ಡಯಲ್ ಗೇಜ್ (ಸೂಕ್ಷ್ಮ ಅಂತರವನ್ನು ಮುಳ್ಳಿನಿಂದ ತೋರಿಸುವ ಮಾಪಕ) ನಿಲ್ಲಿಸಿ, ಅದರ ಮೊನೆಯನ್ನು ಗೇರ್‌ಬಾಕ್ಸು ಕೂರುವ ದುಂಡು ತೂತಿನ ಒಳ ಅಂಚಿಗೆ ತಾಗಿಸಿ, ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಲು ನನಗೆ ಹೇಳಿದರು. ಮುಳ್ಳು ಅತ್ತಿತ್ತ ಆಡಿದ್ದರ ಅರ್ಧದಷ್ಟು ಕೇಂದ್ರ ತಪ್ಪಿದೆ ಎಂದು ಲೆಕ್ಕ, ಮತ್ತು ಅದು ಐದು ಥೌ ಮೀರಕೂಡದು, ಅಂದರೆ ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಐದು ಪಾಲು. ಅದಕ್ಕಿಂತ ಹೆಚ್ಚಾದರೆ ಗೇರ್‌ಬಾಕ್ಸಿನ ಶಾಫ್ಟಿನ ತುದಿ ಕ್ರ್ಯಾಂಕಿನೊಳಗಿನ ಪೈಲಟ್ ಬೇರಿಂಗಿನಲ್ಲಿ ಓರೆಯಾಗಿ ಕುಳಿತು ಬೇರಿಂಗನ್ನು ತಿನ್ನುತ್ತದೆ, ಗೇರು ತಾನೇ ಜಾರುತ್ತದೆ, ಕೊನೆಗೆ ಎಲ್ಲರೂ ಗೇರ್‌ಬಾಕ್ಸನ್ನು ಬೈಯುತ್ತಾರೆ. ಎರಡು ಕಂಪನಿಗಳ ಸಾಮಾನು ಕೂಡಿದ್ದರಿಂದ ಹೀಗಾಯಿತು ಎನ್ನುವ ಮಾತು ಹುಟ್ಟುವುದು ಇಂಥಲ್ಲಿ. ನಿಜವಾದ ದೋಷ ಯಾರೂ ಅಳೆಯದ ಆ ಐದು ಥೌನಲ್ಲಿರುತ್ತದೆ.

ಹಿಂದಿನ ಹೌಸಿಂಗು, ಅಂದರೆ ಹಿಂಚಕ್ರಗಳ ಆಕ್ಸಲ್ಲು, ಡಿಫರೆನ್ಶಿಯಲ್ ಗೇರುಗಳನ್ನು ಹೊತ್ತ ಕವಚ, 1970ರ ದಶಕದ ಫೋರ್ಡ್ ಮ್ಯಾವರಿಕ್ ಕಾರಿನದು. ಇಲ್ಲಿನ ಜೋಡಣೆ ನನಗೆ ಅತ್ಯಂತ ಕುತೂಹಲದ್ದು, ಏಕೆಂದರೆ ಇಲ್ಲಿ ಒಂದು ಭಾಗ ಬದಲಾದರೆ ಸುತ್ತಲಿನ ಎಲ್ಲದರ ಕರ್ತವ್ಯವೂ ಬದಲಾಗುತ್ತದೆ. ಹಳೆಯ ಫೋರ್ಡುಗಳಲ್ಲಿ ಹಿಂಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟು ಬಯಲಿನಲ್ಲಿ ತಿರುಗುವುದಿಲ್ಲ. ಗಟ್ಟಿಯಾದ ಕೊಳವೆಯೊಂದರೊಳಗೆ ತಿರುಗುತ್ತದೆ, ಆ ಕೊಳವೆಯ ಹಿಂತುದಿ ಹೌಸಿಂಗಿಗೆ ಬಿಗಿದಿರುತ್ತದೆ, ಮುಂತುದಿ ಗೇರ್‌ಬಾಕ್ಸಿನ ಬೆನ್ನಿಗೆ ಕೂಡಿರುತ್ತದೆ. ಚಕ್ರಗಳು ನೆಲವನ್ನು ಒದ್ದಾಗ ಹುಟ್ಟುವ ತಳ್ಳುಬಲ ಈ ಕೊಳವೆಯ ಮೂಲಕವೇ ಗೇರ್‌ಬಾಕ್ಸಿಗೂ ಅಲ್ಲಿಂದ ಗಾಡಿಗೂ ತಲುಪುತ್ತದೆ. ಅಡ್ಡಲಾಗಿ ಕೂರಿಸಿದ ಪಟ್ಟಿ ಸ್ಪ್ರಿಂಗಿಗೆ ಭಾರ ಹೊರುವುದಷ್ಟೇ ಕೆಲಸ. ಕೊಳವೆಯನ್ನು ತೆಗೆದು ಬಯಲು ಶಾಫ್ಟು ಹಾಕಿದ ಕ್ಷಣದಿಂದ, ಹೌಸಿಂಗನ್ನು ಮುಂದಕ್ಕೆ ತಳ್ಳುವ ಬಲವನ್ನೂ, ಅದನ್ನು ಬುಗುರಿಯಂತೆ ತಿರುಚಲು ನೋಡುವ ಬಲವನ್ನೂ ಹಿಡಿಯುವವರೇ ಇಲ್ಲದಂತಾಗುತ್ತದೆ. ಆದ್ದರಿಂದ ಚಾಸಿಯಿಂದ ಹೌಸಿಂಗಿಗೆ ಬೇರೆಯೇ ರಾಡುಗಳನ್ನು ಕೊಡಬೇಕು. ಮಾಡೆಲ್ ಎ ಚಾಸಿಯ ಪಟ್ಟಿ ಒಂದು ಬದಿ ತೆರೆದ ತೆಳು ಉಕ್ಕಿನದಾದ್ದರಿಂದ, ಆ ರಾಡಿನ ಬ್ರಾಕೆಟ್ಟು ವೆಲ್ಡ್ ಆಗುವ ಕಡೆ ಒಳಗಿನಿಂದ ಪ್ಲೇಟು ಮುಚ್ಚಿ ಪೆಟ್ಟಿಗೆಯಂತೆ ಮಾಡಬೇಕು. ನಂತರ ಶಾಫ್ಟಿನ ಕೋನ. ಶಾಫ್ಟಿನ ಎರಡು ತುದಿಯಲ್ಲಿರುವ ಯೂನಿವರ್ಸಲ್ ಜಾಯಿಂಟು ಎಂಬ ಕೀಲು ಬಾಗಿ ತಿರುಗುವಾಗ ವೇಗ ಪ್ರತಿ ಸುತ್ತಿನಲ್ಲೂ ಏರಿಳಿಯುತ್ತದೆ. ಮುಂದಿನ ಜಾಯಿಂಟಿನ ಏರಿಳಿತವನ್ನು ಹಿಂದಿನದು ಅಳಿಸಬೇಕಾದರೆ ಗೇರ್‌ಬಾಕ್ಸಿನ ಶಾಫ್ಟೂ ಡಿಫರೆನ್ಶಿಯಲ್ಲಿನ ಪಿನಿಯನ್ ಗೇರಿನ ದಂಡವೂ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಬ್ರಾಕೆಟ್ಟುಗಳನ್ನು ಮೊದಲು ಚುಕ್ಕಿ ವೆಲ್ಡಿಂಗಿನಲ್ಲಿ ಮಾತ್ರ ನಿಲ್ಲಿಸಿ, ಗಾಡಿಯ ಪೂರ್ತಿ ಭಾರ ಚಕ್ರದ ಮೇಲೆ ಇಳಿಸಿ, ಕೋನಮಾಪಕ ಇಟ್ಟು ಎರಡು ಕಡೆ ನೋಡಿ, ಅದಾದ ಮೇಲೇ ಪೂರ್ತಿ ವೆಲ್ಡ್ ಮಾಡಿದರು. ಗಡಿಬಿಡಿಯವರು ಗಾಡಿ ಜ್ಯಾಕಿನ ಮೇಲಿದ್ದಾಗಲೇ ವೆಲ್ಡ್ ಮಾಡಿಬಿಡುತ್ತಾರೆ.

ಸ್ಟೀರಿಂಗಿನಲ್ಲಿ ಇದೇ ಕಥೆ ಇನ್ನೂ ಅಪಾಯಕರ ರೂಪದಲ್ಲಿ ಬರುತ್ತದೆ. ಷೆವ್ರೊಲೆ ವೇಗಾ ಕಾರಿನ ಸ್ಟೀರಿಂಗ್ ಬಾಕ್ಸು ಸಣ್ಣದು, ಹಗುರ, ಹಾಗಾಗಿ ಹಾಟ್ ರಾಡಿನವರ ಮೆಚ್ಚಿನದು. ಅದು ಚಾಸಿಯ ಎಡಪಟ್ಟಿಯ ಮೇಲೆ ಕುಳಿತು, ಒಂದು ರಾಡಿನಿಂದ ಬಲಚಕ್ರದ ತೋಳನ್ನು ಅಡ್ಡಡ್ಡವಾಗಿ ತಳ್ಳುತ್ತದೆ. ಆದರೆ ಹಳೆಯ ಫೋರ್ಡಿನ ಮುಂದಿನ ಆಕ್ಸಲ್ಲು ಅಡ್ಡ ಸ್ಪ್ರಿಂಗಿನ ಎರಡು ತುದಿಯ ಶ್ಯಾಕಲ್ಲು ಎಂಬ ಓಲಾಡುವ ಕೊಂಡಿಗಳಿಂದ ತೂಗುತ್ತಿರುವುದರಿಂದ ಪಕ್ಕಕ್ಕೆ ಜರುಗಲು ಅದಕ್ಕೆ ಸ್ವಾತಂತ್ರ್ಯವಿದೆ. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಮುಂಚೆ ಇಡೀ ಆಕ್ಸಲ್ಲೇ ಒಂದಿಷ್ಟು ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಚಾಸಿಗೂ ಆಕ್ಸಲ್ಲಿಗೂ ನಡುವೆ ಅಡ್ಡಲಾಗಿ ಪ್ಯಾನ್‌ಹಾರ್ಡ್ ರಾಡು ಎಂಬ ಒಂದು ಕಂಬಿ ಕೊಟ್ಟರೆ ಈ ಓಲಾಟ ನಿಲ್ಲುತ್ತದೆ. ಅದು ಹೆಚ್ಚೆಂದರೆ ಒಂದು ದಿನದ ಕೆಲಸ. ಅದಿಲ್ಲದೆ ಹೆದ್ದಾರಿಗೆ ಇಳಿದ ಗಾಡಿಗಳು ನನಗೆ ಪ್ರದರ್ಶನಗಳಲ್ಲಿ ಕಾಣಸಿಗುತ್ತವೆ, ಮತ್ತು ಅವುಗಳ ಗೇರ್ ಲಿವರಿಗೆ ತಲೆಬುರುಡೆಯ ಹಿಡಿ ಹಾಕಲು ಮಾತ್ರ ಯಾರಿಗೂ ಮರೆತಿರುವುದಿಲ್ಲ.

ರ‍್ಯಾಟ್ ರಾಡ್ ಎಂದು ಕರೆಸಿಕೊಳ್ಳುವ ತುಕ್ಕಿನ ಗಾಡಿಗಳ ಮೇಲೆ ನನಗೆ ದ್ವೇಷವಿಲ್ಲ. ಬಣ್ಣ ಬಳಿಯದಿರುವುದು ಅವರವರ ಇಷ್ಟ, ದುಡ್ಡೂ ಉಳಿಯುತ್ತದೆ. ಆದರೆ ಮುಂದಿನ ಆಕ್ಸಲ್ಲಿನ ಮೂಲ ವಿಷ್‌ಬೋನನ್ನು, ಅಂದರೆ ಆಕ್ಸಲ್ಲನ್ನು ಹಿಡಿದಿಡುವ ವಿ ಆಕಾರದ ರಾಡನ್ನು, ಸೀಳಿ ಚಾಸಿಯ ಎರಡು ಪಟ್ಟಿಗೆ ಬಿಗಿಯುವ ಹಳೆಯ ಪದ್ಧತಿಯನ್ನು ಫೋರ್ಡಿನ ಐ-ಬೀಮ್ (ಇಂಗ್ಲಿಷಿನ ಐ ಅಕ್ಷರದ ಆಕಾರದ) ಆಕ್ಸಲ್ಲು ತಾಳಿಕೊಳ್ಳುವುದು ಅದು ಸ್ವಲ್ಪ ತಿರುಚಿಕೊಳ್ಳಬಲ್ಲದು ಎಂಬ ಕಾರಣಕ್ಕೆ. ಅದರ ಜಾಗದಲ್ಲಿ ದುಂಡು ಪೈಪಿನ ಆಕ್ಸಲ್ಲು ಹಾಕಿ, ರಾಡುಗಳನ್ನು ಮಾತ್ರ ಹಳೆಯ ರೀತಿಯಲ್ಲೇ ಬಿಟ್ಟರೆ, ತಿರುಚಲಾರದ ಪೈಪು ಆ ಬಲವನ್ನೆಲ್ಲ ಬ್ರಾಕೆಟ್ಟು, ವೆಲ್ಡಿಂಗುಗಳ ಮೇಲೆ ಹಾಕುತ್ತದೆ. ನೋಡಲು ಎರಡೂ ಒಂದೇ ತರಹ, ಅದರಲ್ಲೂ ತುಕ್ಕಿನ ಮರೆಯಲ್ಲಿ ಬಿರುಕು ಕಾಣುವುದೇ ಇಲ್ಲ.

ಬ್ರೇಕಿನ ವಿಷಯ. ಮಾಡೆಲ್ ಎ ಗಾಡಿಯದು ರಾಡುಗಳಿಂದ ಎಳೆಯುವ ಬ್ರೇಕು. ಫೋರ್ಡ್ ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬ್ರೇಕಿಗೆ ಬಂದದ್ದು 1939ರಲ್ಲಿ, ಬೇರೆಯವರಿಗಿಂತ ತಡವಾಗಿ. ನಮ್ಮ ಪಿಕಪ್ಪಿಗೆ ಹಾಕಿರುವುದು 1948ರ ನಂತರದ ಫೋರ್ಡ್ ಎಫ್-1 ಟ್ರಕ್ಕಿನ ಡ್ರಮ್ಮುಗಳು. ಎಣ್ಣೆಯನ್ನು ಒತ್ತುವ ಮಾಸ್ಟರ್ ಸಿಲಿಂಡರು ಪೆಡಲ್ಲಿನ ಕೆಳಗೆ, ನೆಲದಡಿ ಇದೆ. ಅದು ಅಷ್ಟು ತಗ್ಗಿನಲ್ಲಿರುವುದರಿಂದ ಎಣ್ಣೆ ಹಿಂದಕ್ಕೆ ಹರಿಯದಂತೆ ಲೈನಿನಲ್ಲಿ 10 ಪಿಎಸ್‌ಐ (ಚದರ ಇಂಚಿಗೆ ಪೌಂಡು) ಒತ್ತಡ ಉಳಿಸುವ ಸಣ್ಣ ವಾಲ್ವು ಬೇಕು. ಡಿಸ್ಕ್ ಬ್ರೇಕಾದರೆ 2 ಪಿಎಸ್‌ಐ ಸಾಕು, 10ರದು ಹಾಕಿದರೆ ಪ್ಯಾಡು ಉಜ್ಜುತ್ತಲೇ ಇರುತ್ತದೆ. ಪೆಟ್ರೋಲ್ ಟ್ಯಾಂಕು ಮೂಲ ಗಾಡಿಯಲ್ಲಿ ಮುಂದಿನ ಗಾಜಿನ ಕೆಳಗೆ, ಕೂತವರ ಮೊಣಕಾಲಿನ ನೇರಕ್ಕೇ ಇತ್ತು, ಪೆಟ್ರೋಲು ತನ್ನಷ್ಟಕ್ಕೇ ಕೆಳಗಿಳಿಯುತ್ತಿತ್ತು. ಅದನ್ನು ತೆಗೆದು ಹಿಂದಕ್ಕೆ ಹಾಕಿದ್ದಕ್ಕೆ ಮೂಲರೂಪದವರು ಬೈದರೆ ಬೈಯಲಿ.

ಅವರಿಗೆ ನನ್ನ ಉತ್ತರ ಇಷ್ಟೇ. ಮಾಡೆಲ್ ಎ ಸುಮಾರು 48 ಲಕ್ಷ ತಯಾರಾಯಿತು. ಪೂರ್ತಿಯಾಗಿ ಉಳಿದ ಗಾಡಿ ಸಿಕ್ಕಿದರೆ ಅದನ್ನು ಕತ್ತರಿಸುವವನನ್ನು ನಾನೂ ಒಪ್ಪುವುದಿಲ್ಲ. ಆದರೆ ಈ ಪಿಕಪ್ಪಿನಲ್ಲಿ ಉಳಿದಿದ್ದದ್ದು ಕ್ಯಾಬಿನ್ನು, ಚಾಸಿ ಮತ್ತು ಮುಂದಿನ ಆಕ್ಸಲ್ಲು ಮಾತ್ರ. ಹಿಂದೆ ಸಾಮಾನು ಹೇರುವ ಡಬ್ಬ ಬೇರೊಂದು ವರ್ಷದ್ದು, ಅದನ್ನೂ ಗಿಡ್ಡ ಮಾಡಿದ್ದಾರೆ. ಇದನ್ನು ಮೂಲಕ್ಕೆ ಮರಳಿಸಬೇಕೆಂದರೆ ಇನ್ನೊಂದು ಮಾಡೆಲ್ ಎ ಗಾಡಿಯನ್ನು ಬಿಚ್ಚಬೇಕಾಗುತ್ತದೆ.

ಊರಿನ ಗೆಳೆಯರು ಇದನ್ನು ಬೆಂಗಳೂರಿನಲ್ಲಿ ಮಾಡಬಹುದೇ ಎಂದು ಕೇಳುತ್ತಾರೆ. ರಸ್ತೆಗೆ ಇಳಿಸುವುದಾದರೆ ಆಗದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಖಚಿತಪಡಿಸಿತು. ನಮ್ಮ ಮೆಕ್ಯಾನಿಕ್ಕುಗಳ ಕೈಚಳಕಕ್ಕೆ ಕೊರತೆಯೇನಿಲ್ಲ. ಜೋಡಣೆಯನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವ ದಾರಿಯನ್ನು ಕಾನೂನು ತೆರೆದಿಟ್ಟಿಲ್ಲ, ಅಷ್ಟೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಗಾಡಿಗೆ ವಿಶೇಷವಾಗಿ ಕಟ್ಟಿದ ವಾಹನ ಎಂಬ ಪ್ರತ್ಯೇಕ ವರ್ಗವೇ ಇದೆ. ವರ್ಷಕ್ಕೆ ಮೊದಲು ಬಂದ 500 ಅರ್ಜಿಗಳಿಗೆ ಹೊಗೆ ಪರೀಕ್ಷೆಯ ನಿಯಮವನ್ನು ಎಂಜಿನ್ನಿನ ಅಥವಾ ಗಾಡಿ ಹೋಲುವ ಮಾದರಿಯ ವರ್ಷಕ್ಕೆ ತಕ್ಕಂತೆ ಹೊಂದಿಸಿಕೊಳ್ಳುವ ಅವಕಾಶವಿದೆ. ಹೊಗೆಯ ಬಗ್ಗೆ ಇಷ್ಟು ತಲೆಕೆಡಿಸಿಕೊಂಡವರು ವೆಲ್ಡಿಂಗಿನ ಬಗ್ಗೆಯೂ ಅಷ್ಟೇ ಕೇಳಿದ್ದರೆ ಚೆನ್ನಾಗಿತ್ತು ಎನ್ನುವುದು ನನ್ನ ದೂರು.

ಕಾಗದಪತ್ರದಲ್ಲಿ ಇನ್ನೊಂದು ತೊಡಕಿದೆ. ಮಾಡೆಲ್ ಎ ಗಾಡಿಗಳ ನೋಂದಣಿ ಎಂಜಿನ್ ನಂಬರಿನ ಮೇಲೆ ಆಗಿತ್ತು, ಎಂಜಿನ್ ಹೋದರೆ ಗುರುತೂ ಹೋದಂತೆ. ಅದೇ ನಂಬರು ಚಾಸಿಯ ಎಡಪಟ್ಟಿಯ ಮೇಲೂ ಒತ್ತಿರುತ್ತದೆ, ಆದರೆ ಬಾಡಿಯ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ಬಾಡಿ ಎತ್ತಿದಾಗಲೇ ಅದನ್ನು ತಿಕ್ಕಿ ಫೋಟೊ ತೆಗೆದಿಟ್ಟುಕೊಳ್ಳಬೇಕು.

ಇಂಥ ಗಾಡಿ ಕೊಳ್ಳಲು ಹೊರಟವರು ಬಣ್ಣ, ಕ್ರೋಮು, ಸದ್ದು ನೋಡುವ ಮೊದಲು ಮಾಲೀಕನ ಹತ್ತಿರ ಪಟ್ಟಿ ಕೇಳಬೇಕು. ನಮ್ಮ ಹಿರಿಯರು ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾರೆ: ಮುಂದಿನ ವೀಲ್ ಸಿಲಿಂಡರು ಯಾವ ವರ್ಷದ ಎಫ್-1ದು, ಕ್ಲಚ್ ಪ್ಲೇಟಿನ ನಡುವಿನ ಹಲ್ಲು ಯಾವ ಗೇರ್‌ಬಾಕ್ಸಿಗೆ ಹೊಂದುವುದು, ಹಿಂದಿನ ಯೂನಿವರ್ಸಲ್ ಜಾಯಿಂಟಿನ ನಂಬರೇನು. ಮುಂದಿನ ಚಕ್ರದ ಐದು ಬೋಲ್ಟು ಐದೂವರೆ ಇಂಚಿನ ವೃತ್ತದಲ್ಲಿವೆ, ಹಿಂದಿನವು ನಾಲ್ಕೂವರೆಯದರಲ್ಲಿ, ಆದ್ದರಿಂದ ಒಂದೇ ಸ್ಟೆಪ್ನಿ ಎರಡಕ್ಕೂ ಆಗದು ಎನ್ನುವುದನ್ನೂ ಬರೆದಿದ್ದಾರೆ. ಆರು ವೋಲ್ಟಿನ, ಪಾಸಿಟಿವ್ ಅರ್ಥಿಂಗಿನ ಹಳೆಯ ವೈರಿಂಗ್ ತೆಗೆದು ಹನ್ನೆರಡಕ್ಕೆ ಬದಲಿಸಿದ ನಕ್ಷೆಯೂ ಅದರಲ್ಲೇ ಇದೆ. ರಾತ್ರಿ ದಾರಿಯಲ್ಲಿ ಕೆಟ್ಟು ನಿಂತರೆ ಅಂಗಡಿಯವನಿಗೆ 1930ರ ಫೋರ್ಡು ಎಂದು ಹೇಳಿ ಪ್ರಯೋಜನವಿಲ್ಲ, ಆಗ ಆ ಪಟ್ಟಿಯೇ ಗತಿ. ಪಟ್ಟಿ ಕೊಡಲಾರದವನ ಗಾಡಿ ಎಷ್ಟೇ ಚಂದವಿದ್ದರೂ ನಾನಂತೂ ಅಡ್ವಾನ್ಸ್ ಕೊಡುವುದಿಲ್ಲ.